ಮಳೆ ನಿಂತ ಮೇಲಿನ ಮೊದಲ ಟ್ರ್ಯಾಕ್ ಮೀಟ್: ಕೊಡಗಿನ ಕಾಲೇಜು ಓಟಗಾರರು ತಯಾರಾಗುವುದು ಹೇಗೆ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೌಂಡು ಮಳೆಯ ಪಾಲು. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವಿಗೆ, ನೆಲ ಒಣಗತೊಡಗುತ್ತದೆ. ಅಷ್ಟರಲ್ಲಿ ಅಂತರ ಕಾಲೇಜು ಅಥ್ಲೆಟಿಕ್ಸ್ ಕೂಟದ ಸುತ್ತೋಲೆ ಬಂದು ನೋಟಿಸ್ ಬೋರ್ಡಿನಲ್ಲಿ ಕೂತಿರುತ್ತದೆ. ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ನಾಲ್ಕೈದು ವಾರ. 1500, 5000, 10,000 ಮೀಟರ್ ಓಡುವವರಿಗೆ ಇದೇ ಸೀಸನ್ನಿನ ಮೊದಲ ಪರೀಕ್ಷೆ. ಆ ನಾಲ್ಕು ವಾರ ಏನು ಮಾಡಬೇಕು ಅನ್ನುವುದನ್ನು ತಂಡದ ಕ್ಯಾಪ್ಟನ್‌ಗಳಿಗೆ, ಹೊಸದಾಗಿ ಸೇರಿದ ಪಿ.ಇ. ಮೇಷ್ಟ್ರುಗಳಿಗೆ, ಒಬ್ಬರೇ ಅಭ್ಯಾಸ ಮಾಡುವ ಮಕ್ಕಳಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳ ಕಾಲಲ್ಲಿ ಶಕ್ತಿಗೆ ಕೊರತೆ ಇಲ್ಲ. ಬಸ್ ಸ್ಟಾಪಿಗೆ ಹೋಗಬೇಕಾದರೂ ಗುಡ್ಡ ಇಳಿಯಬೇಕು, ಮನೆಗೆ ಬರಬೇಕಾದರೆ ಹತ್ತಬೇಕು. ಓಡುವುದೂ ಹಾಗೇ ರೂಢಿಯಾಗಿದೆ. ಏರಿನಲ್ಲಿ ದಮ್ಮು ಕಟ್ಟಿ ಹತ್ತುವುದು, ಇಳಿಜಾರಿನಲ್ಲಿ ಕಾಲು ಬಿಟ್ಟುಕೊಡುವುದು. ಇಲ್ಲದಿರುವುದು ಸಮತಟ್ಟಾದ ಜಾಗದಲ್ಲಿ ಒಂದೇ ವೇಗ ಹಿಡಿದು 5000 ಮೀಟರ್‌ನ ಹನ್ನೆರಡೂವರೆ ಸುತ್ತು ಓಡುವ ಅಭ್ಯಾಸ. ಪ್ರತಿ ವರ್ಷ ಕೇಳುವ ಮಾತು ಒಂದೇ: "ಸಾರ್, ಮೂರು ಲ್ಯಾಪ್ ಲೀಡ್‌ನಲ್ಲಿದ್ದೆ, ಆಮೇಲೆ ಕಾಲೇ ಬರಲಿಲ್ಲ." ಆದ್ದರಿಂದ ಮೊದಲ ಮೀಟ್‌ಗೆ ಒಂದೇ ಗುರಿ ಇಟ್ಟುಕೊಳ್ಳಿ: ಎಲ್ಲಾ ಲ್ಯಾಪ್ ಒಂದೇ ಸಮ ಇರಬೇಕು. ಮೆಡಲ್ ಬಂದರೆ ಸಂತೋಷ. ಬರದಿದ್ದರೂ ಸಮವಾಗಿ ಓಡುವುದನ್ನು ಕಲಿತವರಿಗೆ ಮುಂದಿನ ಕೂಟಗಳು ಬಾಕಿ ಇವೆ.

ದೊಡ್ಡ ಓಟಗಾರರೂ ಹೀಗೇ ಓಡುತ್ತಾರೆ. 2020ರ ಅಕ್ಟೋಬರ್ 7ರಂದು ಸ್ಪೇನಿನ ವೆಲೆನ್ಸಿಯಾದಲ್ಲಿ ಉಗಾಂಡದ ಜೋಶುವಾ ಚೆಪ್ಟೆಗೈ 10,000 ಮೀಟರ್ ಓಟವನ್ನು 26 ನಿಮಿಷ 11 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಮೊದಲ ಅರ್ಧಕ್ಕೂ ಎರಡನೇ ಅರ್ಧಕ್ಕೂ ಇದ್ದ ವ್ಯತ್ಯಾಸ ಐದು ಸೆಕೆಂಡಿಗಿಂತ ಕಮ್ಮಿ, ಅದೂ ಎರಡನೇ ಅರ್ಧವೇ ಚುರುಕು.

ಮೊದಲು ಒಂದು ಟ್ರ್ಯಾಕ್ ಬೇಕು

ಹೆಚ್ಚಿನ ಕಾಲೇಜು ಮೈದಾನಗಳಲ್ಲಿ 400 ಮೀಟರ್ ಟ್ರ್ಯಾಕ್ ಹಿಡಿಸುವುದಿಲ್ಲ. ಆದರೆ ಕೊಡಗಿನಲ್ಲಿ ಹಾಕಿ ಗ್ರೌಂಡಿಗೆ ಬರವಿಲ್ಲ ಅಲ್ವಾ? ಪೂರ್ತಿ ಅಳತೆಯ ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅದರೊಳಗೆ 200 ಮೀಟರ್‌ನ ಟ್ರ್ಯಾಕ್ ಆರಾಮಾಗಿ ಕೂರುತ್ತದೆ. ಬೇಕಾದರೆ ನಾಲ್ಕು ಲೇನ್ ಕೂಡ ಎಳೆಯಬಹುದು, ನಮಗೆ ಎರಡು ಸಾಕು.

ಗುರುತು ಮಾಡುವುದು ಹೀಗೆ. ಗ್ರೌಂಡಿನ ಉದ್ದಕ್ಕೆ, ಸರಿಯಾಗಿ ನಡುವೆ ಒಂದು ನೇರ ಗೆರೆ ಎಳೆಯಿರಿ. ಅದರ ಮೇಲೆ 50 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಎರಡೂ ಗೂಟಗಳು ತಮ್ಮ ತಮ್ಮ ಕಡೆಯ ತುದಿಯಿಂದ ಒಂದೇ ದೂರದಲ್ಲಿರಲಿ. ಒಂದು ಗೂಟಕ್ಕೆ ಟೇಪಿನ ತುದಿ ಸಿಕ್ಕಿಸಿ, 15 ಮೀಟರ್ 72 ಸೆಂಟಿಮೀಟರ್‌ಗೆ ಹಿಡಿದು, ಹೊರಬದಿಗೆ ಅರ್ಧ ವೃತ್ತ ಎಳೆಯಿರಿ. ಇನ್ನೊಂದು ಗೂಟದಲ್ಲೂ ಹಾಗೇ. ಆಮೇಲೆ ಎರಡು ಅರ್ಧ ವೃತ್ತಗಳ ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಆ ನೇರ ಗೆರೆಗಳು ಒಂದೊಂದೂ 50 ಮೀಟರ್ ಬರಬೇಕು. ಬರದಿದ್ದರೆ ಗೂಟ ಅಲುಗಾಡಿದೆ ಅಂತ ಅರ್ಥ, ಮತ್ತೆ ಅಳೆಯಿರಿ. ನೈಲಾನ್ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಸ್ಟೀಲ್ ಟೇಪ್ ಅಥವಾ ಕಟ್ಟು ತಂತಿ ಬಳಸಿ. ಗೆರೆಗೆ ಸುಣ್ಣದ ಪುಡಿ ಹಾಕಿ. ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಓಡುವ ದಾರಿಯೇ ಲೆಕ್ಕಕ್ಕೆ ಬರುವ 200 ಮೀಟರ್. ಅಕ್ಟೋಬರಿನಲ್ಲಿ ಒಂದು ಸಂಜೆ ಮಳೆಗೆ ಸುಣ್ಣ ತೊಳೆದುಹೋಗುವುದು ಮಾಮೂಲು. ಗೂಟಗಳ ಜಾಗದಲ್ಲಿ ಎರಡು ಕಲ್ಲು ಹುಗಿದಿಟ್ಟರೆ ಮಾರನೇ ದಿನ ಅರ್ಧ ಗಂಟೆಯ ಕೆಲಸ ಅಷ್ಟೆ.

ಹಾಕಿ ಆಡುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಸಂಜೆ ಗ್ರೌಂಡು ಅವರದ್ದು, ಬೆಳಿಗ್ಗೆ ನಿಮ್ಮದು ಅಂತ ಒಪ್ಪಂದ ಇದ್ದರೆ ಜಗಳ ಬರುವುದಿಲ್ಲ. ಗೋಲಿನ ಮುಂದಿನ ನೆಲ ಸವೆದು ನೀರು ನಿಲ್ಲುತ್ತದೆ. ತಿರುವು ಬರುವುದೂ ಅಲ್ಲೇ, ಕಾಲು ಜಾರುವುದೂ ಅಲ್ಲೇ. ಓಡುವ ಮೊದಲು ಒಂದು ಸುತ್ತು ನಡೆದು ನೋಡಿ. 200 ಮೀಟರ್ ಟ್ರ್ಯಾಕಿನ ತಿರುವು ಬಿಗಿ ಇರುತ್ತದೆ, ಹಾಗಾಗಿ ವಾರ್ಮಪ್ ಓಟವನ್ನು ಉಲ್ಟಾ ದಿಕ್ಕಿನಲ್ಲಿ ಮಾಡಿ. ಒಂದೇ ಕಾಲಿನ ಮೇಲೆ ಭಾರ ಬೀಳುವುದು ತಪ್ಪುತ್ತದೆ.

ನಿಮ್ಮ ಲ್ಯಾಪ್ ಟೈಮ್ ಕಂಡುಹಿಡಿಯಿರಿ

ಮೊದಲ ವಾರದ ಕೊನೆಗೆ 3000 ಮೀಟರ್ ಓಡಿ ಸಮಯ ಬರೆದುಕೊಳ್ಳಿ. ಈ ಟ್ರ್ಯಾಕಿನಲ್ಲಿ ಅದು 15 ಸುತ್ತು. ಒಬ್ಬ ಹುಡುಗ 10 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದ ಅಂತಿಟ್ಟುಕೊಳ್ಳಿ. 400 ಮೀಟರಿಗೆ 84 ಸೆಕೆಂಡ್ ಆಯಿತು. 5000 ಮೀಟರಿಗೆ ಲ್ಯಾಪಿಗೆ (ಲ್ಯಾಪ್ ಅಂದರೆ 400 ಮೀಟರ್, ಈ ಟ್ರ್ಯಾಕಿನಲ್ಲಿ ಎರಡು ಸುತ್ತು) ಮೂರು ಸೆಕೆಂಡ್ ಸೇರಿಸಿದರೆ ಸುಮಾರಾಗಿ ಸರಿಹೋಗುತ್ತದೆ. ಸೀಸನ್ ಶುರು ಆದ್ದರಿಂದ ಇನ್ನೊಂದು ಸೆಕೆಂಡ್ ಸೇರಿಸಿ. 88 ಬಂತು. ಹನ್ನೆರಡೂವರೆ ಲ್ಯಾಪಿಗೆ 18 ನಿಮಿಷ 20 ಸೆಕೆಂಡ್. ಆ ಹುಡುಗನ ಮೊದಲ ಮೀಟ್‌ನ ಗುರಿ ಅದು. ಇನ್ನೊಬ್ಬ ಎಷ್ಟು ಓಡುತ್ತಾನೆ ಅನ್ನುವುದು ಅವನಿಗೆ ಬೇಡ.

ಹೋಲಿಸಿ ನೋಡಲು ಕೆಲವು ಲೆಕ್ಕ ಕೊಡುತ್ತೇನೆ. 1500 ಮೀಟರನ್ನು 68 ಸೆಕೆಂಡಿನ ಲ್ಯಾಪಿನಲ್ಲಿ ಓಡಿದರೆ 4 ನಿಮಿಷ 15 ಸೆಕೆಂಡ್, 80ರಲ್ಲಿ ಓಡಿದರೆ ಸರಿಯಾಗಿ 5 ನಿಮಿಷ. 5000ಕ್ಕೆ 80 ಸೆಕೆಂಡಿನ ಲ್ಯಾಪ್ ಅಂದರೆ 16 ನಿಮಿಷ 40 ಸೆಕೆಂಡ್, 96 ಅಂದರೆ 20 ನಿಮಿಷ. 10,000ಕ್ಕೆ 84 ಅಂದರೆ 35 ನಿಮಿಷ.

ಉಳಿದ ಮೂರು ವಾರ

ವಾರಕ್ಕೆ ಎರಡು ದಿನ ಟ್ರ್ಯಾಕ್, ಒಂದು ದಿನ ಉದ್ದ ಓಟ, ಒಂದು ದಿನ ಪೂರ್ತಿ ರೆಸ್ಟ್, ಉಳಿದ ದಿನ ನಿಧಾನ ಓಟ. ನಿಧಾನ ಅಂದರೆ ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು.

ಟ್ರ್ಯಾಕಿನ ಒಂದು ದಿನ 1000 ಮೀಟರ್‌ನ ಐದು ಓಟ, ನಡುವೆ ಎರಡೂವರೆ ನಿಮಿಷ ಮೆಲ್ಲಗೆ ಜಾಗಿಂಗ್. ವೇಗ ನಿಮ್ಮ 5000ದ ಗುರಿಯದ್ದೇ. 88ರ ಹುಡುಗನಿಗೆ ಪ್ರತಿ 1000ಕ್ಕೆ 3 ನಿಮಿಷ 40 ಸೆಕೆಂಡ್. ಇನ್ನೊಂದು ದಿನ 400ರ ಎಂಟು ಓಟ, ಗುರಿಗಿಂತ ಮೂರ್ನಾಲ್ಕು ಸೆಕೆಂಡ್ ಚುರುಕಾಗಿ, ನಡುವೆ ಒಂದೂವರೆ ನಿಮಿಷ ಬಿಡುವು. 1500 ಓಡುವವರು ಈ 400ಗಳನ್ನು ತಮ್ಮ 1500ರ ವೇಗದಲ್ಲೇ ಓಡಲಿ.

ವಾಚ್ ಹಿಡಿಯುವ ಕೆಲಸ ಓಡುವಷ್ಟೇ ಮುಖ್ಯ. ಗಾಯವಾಗಿ ಕೂತವರಿಗೋ ಜೂನಿಯರ್‌ಗಳಿಗೋ ಅದನ್ನು ಕೊಡಿ. ಅವರು ಗೆರೆಯ ಹತ್ತಿರ ನಿಂತು, ಓಟಗಾರ ಇನ್ನೂ ಹತ್ತು ಮೀಟರ್ ದೂರ ಇರುವಾಗಲೇ ಜೋರಾಗಿ ಎಣಿಸಬೇಕು: "ನಲ್ವತ್ತೆರಡು, ನಲ್ವತ್ಮೂರು, ನಲ್ವತ್ನಾಲ್ಕು." ಪ್ರತಿ 200ಕ್ಕೂ ಈ ಕೂಗು ಬೇಕು. 44 ಬರಬೇಕಾದ ಕಡೆ 41 ಬಂದರೆ ಓಟಗಾರ ತಕ್ಷಣ ತಗ್ಗಿಸಬೇಕು. ಎರಡನೇ ವಾರದಿಂದ ಇದನ್ನೇ ಉಲ್ಟಾ ಮಾಡಿ. ವಾಚ್ ಹಿಡಿದವರು ಸುಮ್ನೆ ಇರಲಿ, ಓಡಿದವರು ಗೆರೆ ದಾಟಿದ ಕೂಡಲೇ ತಮ್ಮ ಅಂದಾಜು ಹೇಳಲಿ. ಶುರುವಿನಲ್ಲಿ ಏಳೆಂಟು ಸೆಕೆಂಡ್ ತಪ್ಪುತ್ತದೆ. ಬಿಡದೆ ಮಾಡಿಸಿದರೆ ಒಂದು ಸೆಕೆಂಡಿನ ಒಳಗೆ ಹೇಳುವ ಮಕ್ಕಳು ಬರುತ್ತಾರೆ. ನನಗೆ ಇಡೀ ತರಬೇತಿಯಲ್ಲಿ ಅತಿ ಖುಷಿ ಕೊಡುವುದು ಇದೇ. ವೇಗ ಮೈಗೆ ಹತ್ತಿದೆ ಅಂತ ಗೊತ್ತಾಗುವುದು ಆಗಲೇ.

ಕೊನೆಯ ವಾರ ಓಟವನ್ನು ಅರ್ಧಕ್ಕೆ ಇಳಿಸಿ. ಮೀಟ್‌ಗೆ ನಾಲ್ಕು ದಿನ ಮೊದಲು 400ರ ನಾಲ್ಕು ಓಟ, ರೇಸಿನ ವೇಗದಲ್ಲಿ, ಅಷ್ಟು ಸಾಕು. ಇನ್ನೂ ಸ್ವಲ್ಪ ಜಾಸ್ತಿ ಮಾಡೋಣ ಅಂತ ಅನ್ನಿಸುತ್ತದೆ, ಮಾಡಬೇಡಿ.

ತೋಟದ ರಸ್ತೆಯಲ್ಲಿ ಓಡುವಾಗ

ಉದ್ದ ಓಟಕ್ಕೆ ಕಾಫಿ ತೋಟದ ರಸ್ತೆಯಷ್ಟು ಒಳ್ಳೆಯ ಜಾಗ ಇಲ್ಲ. ನೆರಳು, ಮೆತ್ತನೆ ನೆಲ, ವಾಹನ ಕಮ್ಮಿ. ಆದರೆ ಸಿದ್ದಾಪುರ, ತಿತಿಮತಿ, ಪೊನ್ನಂಪೇಟೆ ಕಡೆ ಬೆಳಗಿನ ಜಾವ ಆನೆ ರಸ್ತೆಯಲ್ಲೇ ಇರುತ್ತದೆ. ತೋಟದ ಕೆಲಸಕ್ಕೆ ಹೋಗುವವರ ಮೇಲೆ ದಾಳಿ ಆದ ಸುದ್ದಿ ನಾವು ಓದುತ್ತಲೇ ಇದ್ದೇವೆ. ಪೂರ್ತಿ ಬೆಳಕಾಗದೆ ಹೊರಡಬೇಡಿ. ಒಬ್ಬರೇ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಆನೆ ಎಲ್ಲಿದೆ ಅಂತ ನೋಡಿಕೊಂಡು, ತೋಟದವರನ್ನೂ ಒಂದು ಮಾತು ಕೇಳಿ ದಾರಿ ಆರಿಸಿ. ಹಸಿ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಅವತ್ತಿನ ಓಟ ಗ್ರೌಂಡಿನಲ್ಲಿ ಮುಗಿಸಬಹುದು.

ಇಳಿಜಾರಿನಲ್ಲಿ ಜೋರಾಗಿ ಓಡುವುದನ್ನು ಕೊನೆಯ ಎರಡು ವಾರ ಪೂರ್ತಿ ನಿಲ್ಲಿಸಿ. ತೊಡೆಯ ಮುಂಭಾಗಕ್ಕೆ ಆಗುವ ನೋವು ದಿನಗಟ್ಟಲೆ ಉಳಿಯುತ್ತದೆ.

ಎತ್ತರದ ನಂಬಿಕೆ, ಸೆಕೆಯ ವಾಸ್ತವ

ನಾವು ಎತ್ತರದ ಊರಿನವರು, ಕೆಳಗೆ ಹೋದರೆ ಉಸಿರು ಜಾಸ್ತಿ ಸಿಗುತ್ತದೆ ಅಂತ ಹೇಳುವವರಿದ್ದಾರೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಎತ್ತರದ ತರಬೇತಿಗೆ ಹೆಸರಾದ ಕೆನ್ಯಾದ ಇಟೆನ್ ಸುಮಾರು 2,400 ಮೀಟರ್, ನಮ್ಮ ಊಟಿ 2,200ಕ್ಕೂ ಮೇಲೆ. ನಮ್ಮ ಎತ್ತರದಿಂದ ಸಿಗುವ ಲಾಭ ಅಲ್ಪ. ಆದರೆ ಮಂಗಳೂರು, ಉಡುಪಿ, ಮೂಡುಬಿದಿರೆಯ ಟ್ರ್ಯಾಕಿಗೆ ಇಳಿದರೆ ಸೆಕೆಯಿಂದ ಆಗುವ ನಷ್ಟ ದೊಡ್ಡದು. ತಂಪಿನಲ್ಲಿ ಬೆಳೆದ ಮೈ ಅಲ್ಲಿ ಬೇಗ ಕಾಯುತ್ತದೆ, ಬೆವರು ಆರುವುದಿಲ್ಲ.

ಮೈಗೆ ಸೆಕೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆದ್ದರಿಂದ ಮೀಟ್‌ಗೆ ಎರಡು ವಾರ ಮೊದಲಿಂದಲೇ ನಿಧಾನ ಓಟಗಳನ್ನು ಬೆಳಿಗ್ಗೆ ಬಿಟ್ಟು ಮಧ್ಯಾಹ್ನದ ಬಿಸಿಲಿಗೆ ಹಾಕಿಕೊಳ್ಳಿ, 30ರಿಂದ 40 ನಿಮಿಷ. ಜೊತೆಗೆ ಒಬ್ಬರು ಇರಲಿ, ನೀರು ಇರಲಿ. ತಲೆ ಸುತ್ತಿದರೆ, ಬಿಸಿಲಲ್ಲೂ ಚಳಿ ಆದರೆ ಅಲ್ಲೇ ನಿಲ್ಲಿಸಿ ನೆರಳಿಗೆ ಹೋಗಿ. ಮೀಟ್ ಮೈಸೂರಿನಲ್ಲಿದ್ದರೆ ಇಷ್ಟು ಕಷ್ಟ ಇಲ್ಲ. ಹಾಗಿದ್ದರೂ ಬಿಸಿಲಿನ ಅಭ್ಯಾಸ ದಂಡವಾಗುವುದಿಲ್ಲ.

ಔಷಧಿ, ರಕ್ತ, ಶೂ

ಮಳೆಗಾಲ ಮುಗಿಯುವಾಗ ಅರ್ಧ ತಂಡಕ್ಕೆ ಕೆಮ್ಮು ಇರುತ್ತದೆ. ಮೆಡಿಕಲ್ ಶಾಪಿನಿಂದ ಕೇಳಿ ತರುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ. ಕ್ರೀಡಾಪಟುಗಳಿಗೆ ಅದು ನಿಷೇಧ. ಬಾಟಲಿಯ ಹಿಂದೆ ಬರೆದಿರುವುದನ್ನು ಓದಿ, ಡಾಕ್ಟರಿಗೆ ನಾನು ಅಥ್ಲೀಟ್ ಅಂತ ಮೊದಲೇ ಹೇಳಿ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಬಹುದು. ಆಸ್ತಮಾ ಇರುವವರು ಭಯಪಟ್ಟು ಇನ್ಹೇಲರ್ ನಿಲ್ಲಿಸಬಾರದು. ಯಾವುದು, ಎಷ್ಟು ಸರಿ ಅಂತ ಡಾಕ್ಟರನ್ನು ಕೇಳಿ. ಜಿಮ್‌ನಲ್ಲಿ ಯಾರೋ ಕೊಡುವ ಪುಡಿ ಮುಟ್ಟಲೇಬೇಡಿ.

ಸರಿಯಾಗಿ ಓಡುತ್ತಿದ್ದವರು ಕಾರಣ ಇಲ್ಲದೆ ಸುಸ್ತಾಗುತ್ತಿದ್ದರೆ ಸೋಮಾರಿ ಅಂತ ಬೈಯಬೇಡಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹುಡುಗಿಯರಿಗೆ 12, ಹುಡುಗರಿಗೆ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಅದನ್ನು ಅಭ್ಯಾಸದಿಂದ ಸರಿಮಾಡಲು ಆಗುವುದಿಲ್ಲ, ಚಿಕಿತ್ಸೆ ಬೇಕು. ಮುಟ್ಟಿನ ದಿನಗಳ ಬಗ್ಗೆ ಹುಡುಗಿಯರು ಸಂಕೋಚ ಇಲ್ಲದೆ ಹೇಳುವ ವಾತಾವರಣ ತಂಡದಲ್ಲಿ ಇರಬೇಕು. ಒಬ್ಬ ಮೇಡಂ ಜೊತೆಗಿದ್ದರೆ ಇದು ಸುಲಭ.

ಶೂ ವಿಷಯ ಬೇಗ ಮುಗಿಸುತ್ತೇನೆ. ಸಿಂಥೆಟಿಕ್ ಟ್ರ್ಯಾಕಿನ ಓಟಗಳಿಗೆ ಸ್ಪೈಕಿನ ಮೊಳೆ 9 ಮಿಲಿಮೀಟರ್ ಮೀರಬಾರದು. ಎಷ್ಟೋ ಕ್ರೀಡಾಂಗಣಗಳಲ್ಲಿ 6 ಮಿಲಿಮೀಟರ್ ಮಾತ್ರ ಬಿಡುತ್ತಾರೆ. ರಸ್ತೆ ಓಟದ ದಪ್ಪ ಅಟ್ಟೆಯ ಶೂ ಟ್ರ್ಯಾಕಿಗೆ ನಡೆಯುವುದಿಲ್ಲ. ಅಟ್ಟೆಯ ದಪ್ಪಕ್ಕೆ ವಿಶ್ವ ಅಥ್ಲೆಟಿಕ್ಸ್ ನಿಯಮದ ಮಿತಿ 2024ರ ನವೆಂಬರ್‌ನಿಂದ 20 ಮಿಲಿಮೀಟರ್. ಬರಿಗಾಲಲ್ಲಿ ಓಡಲು ನಿಯಮದ ಅಡ್ಡಿ ಇಲ್ಲ, ಆದರೆ ಮಧ್ಯಾಹ್ನದ ಸಿಂಥೆಟಿಕ್ ಟ್ರ್ಯಾಕ್ ಅಂಗಾಲು ಸುಡುತ್ತದೆ. ಹೊಸ ಶೂ ಹಾಕಿ ನೇರ ರೇಸಿಗೆ ನಿಲ್ಲಬೇಡಿ.

ಪ್ರಯಾಣ ಮತ್ತು ಊಟ

ಘಟ್ಟ ಇಳಿದು ಹೋಗುವುದಾದರೆ ಹಿಂದಿನ ದಿನವೇ ಹೊರಡಿ. ಸಂಪಾಜೆ ಘಾಟಿಯ ತಿರುವಿನಲ್ಲಿ ವಾಂತಿ ಮಾಡಿಕೊಂಡು, ಇಳಿದ ಕೂಡಲೇ 5000 ಓಡುವುದು ಆಗದ ಮಾತು. ಅರ್ಹತಾ ಫಾರಂಗೆ ಪ್ರಿನ್ಸಿಪಾಲರ ಸಹಿ ಮತ್ತು ಸೀಲು, ಕಾಲೇಜು ಐಡಿ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಇವೆಲ್ಲ ಒಂದೇ ಫೈಲಿನಲ್ಲಿ ಒಬ್ಬರ ಕೈಯಲ್ಲಿರಲಿ. ಚೆಸ್ಟ್ ನಂಬರ್‌ಗೆ ಒಬ್ಬರಿಗೆ ಎಂಟು ಪಿನ್ ಬೇಕು, ಎದೆಗೆ ನಾಲ್ಕು, ಬೆನ್ನಿಗೆ ನಾಲ್ಕು. ಅಲ್ಲಿ ಸಿಗುತ್ತದೆ ಅಂತ ನಂಬಬೇಡಿ.

ಊಟದಲ್ಲಿ ಹೊಸ ಪ್ರಯೋಗ ಬೇಡ. ಹಿಂದಿನ ರಾತ್ರಿ ಅನ್ನ ಸಾರು, ನೂಪುಟ್ಟು, ಅಕ್ಕಿ ರೊಟ್ಟಿ, ನಿಮಗೆ ಯಾವುದು ರೂಢಿಯೋ ಅದು. ಪಂದಿ ಕರಿ ರೇಸ್ ಮುಗಿದ ಮೇಲೆ ತಿನ್ನೋಣ, ಕೊಬ್ಬು ಜಾಸ್ತಿ ಇರುವ ಊಟ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ರೇಸಿಗೆ ಮೂರು ಗಂಟೆ ಮೊದಲು ಇಡ್ಲಿ, ಬಾಳೆಹಣ್ಣು. ದಿನಾ ಕಾಫಿ ಕುಡಿಯುವವರು ಅವತ್ತೂ ಕುಡಿಯಬಹುದು, ಕೆಫೀನ್ ನಿಷೇಧದ ಪಟ್ಟಿಯಲ್ಲಿ ಇಲ್ಲ. ಸೆಕೆ ಊರಾದರೆ ಒಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ.

ರೇಸಿನ ದಿನ

ಟೈಮ್‌ಟೇಬಲ್ ನಂಬಿ ಕೂರಬೇಡಿ. ಬೆಳಿಗ್ಗೆ ಏಳಕ್ಕೆ ಅಂದ 5000 ಒಂಬತ್ತಕ್ಕೂ ಆಗಬಹುದು. ಒಬ್ಬರು ಅನೌನ್ಸ್‌ಮೆಂಟ್ ಕೇಳುತ್ತಾ ಇರಲಿ. ರೇಸಿಗೆ ಮೊದಲು ಹಾಜರಿ ಕೊಡುವ ಕಾಲ್ ರೂಮಿಗೆ ತಡವಾದರೆ ಹೊರಗಿಡುತ್ತಾರೆ. 40 ನಿಮಿಷ ಮೊದಲು ಹತ್ತು ಹದಿನೈದು ನಿಮಿಷ ಜಾಗಿಂಗ್, ಆಮೇಲೆ 80 ಮೀಟರ್‌ನ ನಾಲ್ಕು ಚುರುಕು ಓಟ. ಸೆಕೆ ಇದ್ದರೆ ಇದನ್ನೂ ಅರ್ಧ ಮಾಡಿ, ನೆರಳಲ್ಲಿ ಕೂತು ತಲೆಗೆ, ಕತ್ತಿಗೆ ನೀರು ಹಾಕಿಕೊಳ್ಳಿ.

ದೂರದ ಓಟಕ್ಕೆ 'ಸೆಟ್' ಇಲ್ಲ. 'ಆನ್ ಯುವರ್ ಮಾರ್ಕ್ಸ್', ಆಮೇಲೆ ನೇರ ಗುಂಡು. ಮೊದಲೇ ಹೊರಟರೆ ಒಂದೇ ತಪ್ಪಿಗೆ ಔಟ್.

5000 ಶುರುವಾಗುವುದು ಫಿನಿಶ್‌ನ ಎದುರು ಬದಿಯಿಂದ. ಹಾಗಾಗಿ ಮೊದಲ ಸಲ ಫಿನಿಶ್ ಗೆರೆ ದಾಟುವಾಗ ಓಡಿರುವುದು 200 ಮೀಟರ್ ಮಾತ್ರ, ಇನ್ನು ಹನ್ನೆರಡು ಲ್ಯಾಪ್ ಬಾಕಿ. 88ರ ಹುಡುಗ ಅಲ್ಲಿ 44ಕ್ಕೆ ಬರಬೇಕು. ಗುಂಪು 36ಕ್ಕೇ ದಾಟಿರುತ್ತದೆ. ಹೋಗಲಿ ಬಿಡಿ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ: 44 ಸೆಕೆಂಡ್, ಆಮೇಲೆ 2.12, 3.40, 5.08, 6.36. ಇಷ್ಟು ಸಾಕು, ಅಷ್ಟರೊಳಗೆ ವೇಗ ಹಿಡಿದಿರುತ್ತದೆ. ಕೊನೆಯವರಾಗಿ ಓಡುವಾಗ ನಾಚಿಕೆ ಅನ್ನಿಸುತ್ತದೆ, ಗೊತ್ತು. ಆರನೇ ಲ್ಯಾಪಿನಿಂದ ಮುಂದಿನವರು ಒಬ್ಬೊಬ್ಬರಾಗಿ ಹಿಂದಕ್ಕೆ ಬರುತ್ತಾರೆ.

ಹಿಂದಿಕ್ಕುವುದನ್ನು ನೇರ ಭಾಗದಲ್ಲಿ ಮಾಡಿ. ತಿರುವಿನಲ್ಲಿ ಎರಡನೇ ಲೇನಿನಲ್ಲೇ ಉಳಿದರೆ ಒಂದು ಲ್ಯಾಪಿಗೆ ಸುಮಾರು 7 ಮೀಟರ್ ಜಾಸ್ತಿ ಓಡುತ್ತೀರಿ. ಹಾಗಂತ ಒಳಗಿನ ಗೆರೆಯೊಳಗೆ ಕಾಲಿಟ್ಟು ಓಡಬಾರದು, ಡಿಸ್‌ಕ್ವಾಲಿಫೈ ಆಗಬಹುದು. ತಂಡದ ಇಬ್ಬರ ಗುರಿ ಹತ್ತಿರ ಇದ್ದರೆ ಎಂಟು ಲ್ಯಾಪ್‌ವರೆಗೆ ಸರದಿಯಲ್ಲಿ ಮುಂದೆ ಹೋಗುತ್ತಾ ಜೊತೆಯಾಗಿ ಓಡಲಿ. ಹೊರಗಿನವರು ಟ್ರ್ಯಾಕಿಗೆ ಇಳಿದು ಜೊತೆಗೆ ಓಡುವಂತಿಲ್ಲ. ಬೇಲಿಯ ಆಚೆಯಿಂದ ಲ್ಯಾಪ್ ಟೈಮ್ ಕೂಗಬಹುದು. "ಓಡು ಓಡು" ಅಂತ ಕೂಗುವ ಬದಲು "ಎಂಬತ್ತೆಂಟು, ಸರಿ ಇದೆ" ಅಂದರೆ ಅವರಿಗೆ ನಿಜವಾಗಿ ಸಹಾಯ. ಒಂಬತ್ತನೇ ಲ್ಯಾಪಿನ ನಂತರ ಶಕ್ತಿ ಉಳಿದಿದ್ದರೆ ಒಂದೊಂದೇ ಸೆಕೆಂಡ್ ಇಳಿಸಿ. ಕೊನೆಯ ಲ್ಯಾಪಿನ ಗಂಟೆ ಬಾರಿಸಿದ ಮೇಲೆ ಲೆಕ್ಕ ಬೇಡ.

ಮುಗಿದ ಮೇಲೆ

ಹತ್ತು ನಿಮಿಷ ಜಾಗಿಂಗ್, ನೀರು, ಒಣ ಬಟ್ಟೆ. ಆಮೇಲೆ ಲ್ಯಾಪ್ ಹಾಳೆ ತೆಗೆದು ಪ್ರತಿಯೊಬ್ಬರ ಜೊತೆ ಕೂತು ನೋಡಿ. ಮೊದಲ ಮೂರು ಲ್ಯಾಪ್ 82, 84, 86 ಇದ್ದು ಆಮೇಲೆ 93, 95 ಆಗಿದ್ದರೆ ವೇಗದ ಅಂದಾಜು ಇನ್ನೂ ಬಂದಿಲ್ಲ. ಮುಂದಿನ ಎರಡು ವಾರ ಟೈಮ್ ಊಹಿಸುವ ಅಭ್ಯಾಸವನ್ನೇ ಮಾಡಿಸಿ. ಒಂಬತ್ತು ಲ್ಯಾಪ್ 88ರಲ್ಲೇ ಬಂದು ಕೊನೆಗೆ ಮಾತ್ರ ಬಿದ್ದಿದ್ದರೆ ಉದ್ದ ಓಟ ಸಾಲದು, ವಾರಕ್ಕೆ ಹತ್ತು ನಿಮಿಷದಂತೆ ಅದನ್ನು ಹೆಚ್ಚಿಸಿ. ಎಲ್ಲಾ 88 ಇದ್ದು ಕೊನೆಯ ಲ್ಯಾಪ್ 74 ಬಂದಿದ್ದರೆ ಅವರಲ್ಲಿ ಇನ್ನೂ ಬಾಕಿ ಇದೆ, ಮುಂದಿನ ಮೀಟ್ 86ರಿಂದ ಶುರು ಮಾಡಲಿ.

ಎರಡು ದಿನ ನಿಧಾನ ಓಟ, ಒಂದು ದಿನ ರೆಸ್ಟ್. ನಾಲ್ಕನೇ ದಿನ ಬೆಳಿಗ್ಗೆ ಗ್ರೌಂಡಿಗೆ ಬಂದು, ಹೊಸ ಲ್ಯಾಪ್ ಟೈಮ್‌ನಲ್ಲಿ 1000ದ ನಾಲ್ಕು ಓಟ.